15 ಕುದುರೆ ಸಾಕು

ಪುಣೆಯಲ್ಲಿ ದೋಣಿ ಸ್ಪರ್ಧೆ ಎಂದರೆ ಇವತ್ತಿಗೂ ಹುಟ್ಟು ಹಾಕುವ ಸ್ಪರ್ಧೆಯೇ. ಮುಳಾ-ಮುಠಾ ಸಂಗಮದ ಪಕ್ಕದ ಎಂಜಿನಿಯರಿಂಗ್ ಕಾಲೇಜಿನ ರೆಗಟ್ಟಾಕ್ಕೆ 1928ರಷ್ಟು ಹಳೆಯ ಇತಿಹಾಸವಿದೆ. 2016ರ ರಿಯೋ ಒಲಿಂಪಿಕ್ಸ್‌ಗೆ ಹೋದ ದತ್ತು ಭೋಕನಳ್ ತಯಾರಾದದ್ದು ಇದೇ ಊರಿನ ಸೇನಾ ರೋಯಿಂಗ್ ಕೇಂದ್ರದಲ್ಲಿ. ಇಲ್ಲಿ ನೀರಿನ ಮೇಲಿನ ವೇಗಕ್ಕೆ ತೋಳೇ ಲೆಕ್ಕ.

ಈಗ ಕೆಲವರಿಗೆ ಮೋಟಾರಿನ ಆಸೆ ಹುಟ್ಟಿದೆ. ವಾರಾಂತ್ಯಕ್ಕೆ ಮುಳಶಿ, ಪವನಾ, ಪಾನಶೇತ್‌ಗಳ ಹಿನ್ನೀರಿಗೆ ಹೋಗುವ, ಕೈಯಲ್ಲಿ ನಾಲ್ಕು ಕಾಸಿರುವ ಉತ್ಸಾಹಿಗಳು ಇವರು. ಆಸೆ ತಪ್ಪಲ್ಲ. ಆದರೆ ಇವರಲ್ಲಿ ಯಾರನ್ನು ಮಾತಾಡಿಸಿದರೂ ಮೊದಲ ಪ್ರಶ್ನೆ ಒಂದೇ: ‘ಎಷ್ಟು ಎಚ್‌ಪಿ ಹಾಕಿಸೋಣ?’ ಈ ಪ್ರಶ್ನೆಯಿಂದ ಶುರುವಾದ ಸ್ಪರ್ಧೆ ಅಂಗಡಿಯಲ್ಲೇ ಮುಗಿದುಹೋಗುತ್ತದೆ, ನೀರಿನವರೆಗೆ ಬರುವುದಿಲ್ಲ. ಯಾರ ಚೆಕ್ ದೊಡ್ಡದೋ ಅವರದೇ ಗೆಲುವು.

ನನ್ನ ವಾದ ಸರಳ. ಈ ಭಾಗದಲ್ಲಿ ಚಿಕ್ಕ ದೋಣಿಗಳ ಮೋಟಾರ್ ಸ್ಪರ್ಧೆ ನಡೆಯುವುದಾದರೆ ಎಲ್ಲರಿಗೂ ಒಂದೇ ಮಾದರಿಯ 15 ಎಚ್‌ಪಿ ಔಟ್‌ಬೋರ್ಡ್ ಇರಲಿ. ಅದಕ್ಕಿಂತ ದೊಡ್ಡದಕ್ಕೆ ಪ್ರವೇಶವೇ ಬೇಡ. ಮಿಕ್ಕಿದ್ದನ್ನು ಮೋಟಾರನ್ನು ಹೊಂದಿಸುವ ಕೈ ತೀರ್ಮಾನಿಸಲಿ.

ಮೊದಲು ಲೆಕ್ಕ ನೋಡೋಣ. ನೀರಿನ ಮೇಲೆ ಜಾರುತ್ತ ಓಡುವ ಚಿಕ್ಕ ದೋಣಿಯ ವೇಗ ಶಕ್ತಿಯ ಜೊತೆ ನೇರವಾಗಿ ಏರುವುದಿಲ್ಲ. ಶಕ್ತಿಯನ್ನು ಒಟ್ಟು ತೂಕದಿಂದ ಭಾಗಿಸಿದಾಗ ಬರುವ ಸಂಖ್ಯೆಯ ವರ್ಗಮೂಲದ ಜೊತೆ ಏರುತ್ತದೆ, ಸ್ಥೂಲವಾಗಿ ಹೇಳುವುದಾದರೆ. ದೋಣಿ 90 ಕೆಜಿ, ಚಾಲಕ 70 ಕೆಜಿ, ಇಂಧನ 10 ಕೆಜಿ, 15 ಎಚ್‌ಪಿಯ ಮೋಟಾರು ಸುಮಾರು 50 ಕೆಜಿ ಎಂದಿಟ್ಟುಕೊಳ್ಳಿ. ಇದನ್ನು ತೆಗೆದು 30 ಎಚ್‌ಪಿ ಹಾಕಿದರೆ ಮೋಟಾರಿನ ತೂಕವೇ 75 ಕೆಜಿಯ ಸುತ್ತಮುತ್ತ ಹೋಗುತ್ತದೆ. ಶಕ್ತಿ ಎರಡು ಪಟ್ಟಾಯಿತು, ವೇಗ ಹೆಚ್ಚಿದ್ದು ಮೂರನೇ ಒಂದು ಭಾಗದಷ್ಟು ಮಾತ್ರ. ಅದೂ ಕಾಗದದ ಮೇಲೆ. ಹಿಂಬದಿಯ ಹಲಗೆಗೆ ಅಷ್ಟು ಭಾರ ನೇತುಹಾಕಿದ ಮೇಲೆ ಚಿಕ್ಕ ದೋಣಿ ಮೂತಿ ಮೇಲೆತ್ತಿ, ಹಿಂಭಾಗ ಮುಳುಗಿಸಿಕೊಂಡು ತೆವಳಲು ಶುರುಮಾಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರಿಗೆ ದೋಣಿಯ ವಿಷಯವೂ ಗೊತ್ತಿದ್ದಿರಬೇಕು.

ಇನ್ನು ಹೊಂದಿಸುವ ವಿಚಾರ. ಗೆಲುವು ಅಡಗಿರುವುದು ಇಲ್ಲಿ, ದುಡ್ಡು ಕೊಟ್ಟರೆ ಸಿಗದಿರುವುದೂ ಇದೇ.

ಒಂದು, ಎತ್ತರ. ಔಟ್‌ಬೋರ್ಡಿನ ಶಾಫ್ಟ್ ಸಾಮಾನ್ಯವಾಗಿ 15 ಇಲ್ಲವೇ 20 ಇಂಚಿನದು. ಹಿಂಬದಿಯ ಹಲಗೆಯ ಎತ್ತರಕ್ಕೆ ಅದು ತಾಳೆಯಾಗಬೇಕು. ಪ್ರೊಪೆಲ್ಲರಿನ ಮೇಲೆ ಚಪ್ಪಟೆಯಾದ ಒಂದು ರೆಕ್ಕೆ ಇರುತ್ತದಲ್ಲ, ಅದು ದೋಣಿಯ ತಳದ ಮಟ್ಟಕ್ಕೆ ಸಮನಾಗಿರುವುದು ಶುರುವಿನ ಅಳತೆ. ಅದಕ್ಕಿಂತ ಕೆಳಗಿದ್ದರೆ ಮೋಟಾರಿನ ಕಾಲು ನೀರನ್ನು ಉಳುತ್ತದೆ. ಸ್ಪರ್ಧೆಗೆ ಸ್ವಲ್ಪ ಸ್ವಲ್ಪವೇ ಮೇಲೆತ್ತುತ್ತ ಹೋಗಬೇಕು. ಅತಿಯಾದರೆ ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಎಂಜಿನ್ ಚೀರುತ್ತದೆ, ದೋಣಿ ಇದ್ದಲ್ಲೇ ಉಳಿಯುತ್ತದೆ. ತಂಪು ಮಾಡುವ ನೀರನ್ನು ಎಳೆದುಕೊಳ್ಳುವ ಕಿಂಡಿಯೂ ಮೇಲೆ ಬಂತೋ, ಮೋಟಾರು ಸುಟ್ಟಿತು. ಹಿಂದಿನಿಂದ ಚಿಮ್ಮುವ ಸಣ್ಣ ನೀರಿನ ಧಾರೆಯ ಮೇಲೆ ಒಂದು ಕಣ್ಣಿಟ್ಟಿರಬೇಕು.

ಎರಡು, ಪ್ರೊಪೆಲ್ಲರ್. ಪಿಚ್ ಎಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ. ಎಂಜಿನ್ ನಿಮಿಷಕ್ಕೆ 5,500 ಸುತ್ತು, ಗೇರು 2ಕ್ಕೆ 1, ಪಿಚ್ 10 ಇಂಚು ಎಂದರೆ ಲೆಕ್ಕದ ವೇಗ ಗಂಟೆಗೆ ಸುಮಾರು 42 ಕಿ.ಮೀ. ನೀರಿನಲ್ಲಿ ಜಾರಿ ನಷ್ಟವಾಗುವುದನ್ನು ಶೇ. 15 ಎಂದು ಕಳೆದರೆ 35ರ ಆಸುಪಾಸು ಕೈಗೆ ಸಿಗುತ್ತದೆ. ದುರಾಸೆಗೆ 11 ಇಂಚು ಹಾಕಿ, ಎಂಜಿನ್ ಏದುಸಿರು ಬಿಟ್ಟು 4,800ಕ್ಕೆ ನಿಂತರೆ ಲೆಕ್ಕದ ವೇಗವೇ 40ಕ್ಕೆ ಇಳಿಯುತ್ತದೆ. ಟ್ಯಾಕೋಮೀಟರ್ ಇಲ್ಲದೆ ಪ್ರೊಪೆಲ್ಲರ್ ಆರಿಸುವವನು ಕಣ್ಣು ಕಟ್ಟಿಕೊಂಡು ಕನ್ನಡಕ ಕೊಳ್ಳುವವನು.

ಮೂರು, ಟ್ರಿಮ್, ಅಂದರೆ ಮೋಟಾರಿನ ಓರೆ. ಕಾಲು ತೀರಾ ಒಳಕ್ಕೆ ವಾಲಿದ್ದರೆ ದೋಣಿ ಮೂಗು ನೀರಿಗೆ ತುರುಕುತ್ತದೆ. ತೀರಾ ಹೊರಕ್ಕಿದ್ದರೆ ಮೂತಿ ಏರಿ ಇಳಿದು ಕುಪ್ಪಳಿಸುತ್ತದೆ. ಚಿಕ್ಕ ಮೋಟಾರಿನಲ್ಲಿ ಇದನ್ನು ಬದಲಿಸುವುದು ಒಂದು ಪಿನ್ನನ್ನು ಪಕ್ಕದ ತೂತಿಗೆ ಹಾಕಿದಷ್ಟೇ ಕೆಲಸ. ಖರ್ಚು ಸೊನ್ನೆ.

ಇದರ ಮೇಲೆ ಪುಣೆಯದೇ ಒಂದು ಕಿತಾಪತಿ ಇದೆ. ಈ ಊರು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರಿಗೆ ಹೆಚ್ಚುಕಮ್ಮಿ ಶೇ. 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮುಂಬೈಯ 15 ಎಚ್‌ಪಿ ಘಾಟಿ ಹತ್ತಿ ಬರುವಷ್ಟರಲ್ಲಿ ಸುಮಾರು 14. ಅಲ್ಲಿ ಸರಿಯಾಗಿ ಕೂತ ಪ್ರೊಪೆಲ್ಲರ್ ಇಲ್ಲಿ ಭಾರವಾಗುತ್ತದೆ, ಕಾರ್ಬ್ಯುರೇಟರ್ ಇದ್ದರೆ ತೆಳು ಗಾಳಿಗೆ ಇಂಧನ ಜಾಸ್ತಿಯಾಗುತ್ತದೆ. ಮುಂಬೈಯ ಅಂಗಡಿಯವನ ಸಲಹೆಯನ್ನು ಹಾಗೇ ತಂದವರಿಗೆ ಇದು ಹೊಳೆಯುವುದಿಲ್ಲ. ಅವರು ಇನ್ನೂ ದೊಡ್ಡ ಮೋಟಾರು ಹುಡುಕುತ್ತಾರೆ. ಒಂದು ಇಂಚು ಕಡಿಮೆ ಪಿಚ್ ಸಾಕಾಗಿತ್ತು.

‘ಇಷ್ಟು ಚಿಕ್ಕ ಮೋಟಾರಿನ ಓಟ ನೋಡಲು ಯಾರು ಬರುತ್ತಾರೆ?’ ಎನ್ನುವವರಿದ್ದಾರೆ. ದೊಡ್ಡದನ್ನು ನಾವು ನೋಡಿಯಾಗಿದೆ. 2017ರ ಮಾರ್ಚಿನಲ್ಲಿ ಮುಂಬೈಯ ಮರೀನ್ ಡ್ರೈವಿನ ಎದುರು ಪವರ್‌ಬೋಟ್ ರೇಸ್ ನಡೆಯಿತು. 2018ರ ನವೆಂಬರಿನಲ್ಲಿ ಕೃಷ್ಣಾ ನದಿಯಲ್ಲಿ, ಅಮರಾವತಿಯ ಹೆಸರಲ್ಲಿ, ನಾನೂರು ಎಚ್‌ಪಿ ಆಸುಪಾಸಿನ ಫಾರ್ಮುಲಾ ಒನ್ ದೋಣಿಗಳು ಓಡಿದವು. ಜನ ಸೇರಿದರು, ಫೋಟೋ ತೆಗೆದರು, ದೋಣಿಗಳು ಬಂದ ದಾರಿಯಲ್ಲೇ ವಾಪಸಾದವು. ಪಕ್ಕದೂರಿನ ಹುಡುಗನೊಬ್ಬ ಅದನ್ನು ನೋಡಿ ಮಾರನೇ ದಿನ ತಾನೂ ಶುರುಮಾಡುವಂಥ ಮೆಟ್ಟಿಲು ಅಲ್ಲಿರಲಿಲ್ಲ. ಯುರೋಪಿನಲ್ಲಿ ಜಿಟಿ15 ಎಂಬ ವರ್ಗವಿದೆ: ಮಕ್ಕಳೂ ಹದಿಹರೆಯದವರೂ 15 ಎಚ್‌ಪಿ ಮೋಟಾರಿನಲ್ಲಿ ಓಡಿಸುತ್ತಾರೆ. ಕ್ರೀಡೆ ಬೆಳೆಯುವುದು ಆ ತುದಿಯಿಂದ.

ಎದುರು ವಾದಗಳಲ್ಲಿ ಒಂದು ಗಟ್ಟಿಯಾದದ್ದು. ಹಳೇ ಟು-ಸ್ಟ್ರೋಕ್ ಮೋಟಾರು ಹಗುರ. 15 ಎಚ್‌ಪಿಯದು ಸುಮಾರು 36 ಕೆಜಿ, ಫೋರ್-ಸ್ಟ್ರೋಕಿಗಿಂತ ಹದಿನೈದು ಕೆಜಿಯಷ್ಟು ಕಡಿಮೆ. ರೇಸಿಗೆ ಅದೇ ಸರಿ ಎನ್ನುವುದು ನಿಜ. ಆದರೆ ಕಾರ್ಬ್ಯುರೇಟರಿನ ಟು-ಸ್ಟ್ರೋಕ್ ತಾನು ಕುಡಿದ ಇಂಧನದಲ್ಲಿ ನಾಲ್ಕನೇ ಒಂದು ಭಾಗದವರೆಗೂ ಉರಿಸದೆ ನೀರಿಗೆ ಉಗುಳಬಲ್ಲದು. ಪಾನಶೇತ್, ವರಸಗಾಂವ್, ಖಡಕ್‌ವಾಸಲಾ ಪುಣೆಯ ಕುಡಿಯುವ ನೀರಿನ ಜಲಾಶಯಗಳು. ಈ ಊರಿನ ನದಿಗಳು ಭೀಮೆಯನ್ನು ಸೇರಿ, ಉಜನಿ ದಾಟಿ, ವಿಜಯಪುರ, ಕಲಬುರಗಿಯ ಕಡೆಗೆ ಬರುತ್ತವೆ. ಅಮೆರಿಕದ ಟಾಹೋ ಸರೋವರದಲ್ಲಿ ಇಂಥ ಮೋಟಾರುಗಳನ್ನು 1999ರಲ್ಲೇ ನಿಷೇಧಿಸಿದರು. ಎಲ್ಲರೂ ಅದೇ ಹದಿನೈದು ಕೆಜಿ ಹೆಚ್ಚು ಹೊತ್ತರೆ ಯಾರಿಗೂ ಅನ್ಯಾಯವಿಲ್ಲ. ಕುಡಿಯುವ ನೀರಿನ ಜಲಾಶಯಕ್ಕಂತೂ ಪೆಟ್ರೋಲಿನ ಮೋಟಾರು ಇಳಿಯುವುದೇ ಬೇಡ. ಅಲ್ಲಿ ಓಡಿಸಲೇಬೇಕು ಎನ್ನುವವರು ಬ್ಯಾಟರಿಯ ಔಟ್‌ಬೋರ್ಡ್ ತರಲಿ.

ಇಷ್ಟೆಲ್ಲ ಉಸಾಬರಿ ಯಾಕೆ ಎಂದರೆ, ಈ ವಿದ್ಯೆ ಶೋಕಿಯವರಿಗಷ್ಟೇ ಸೇರಿದ್ದಲ್ಲ. ಮಲ್ಪೆಯಿಂದ ಗಂಗೊಳ್ಳಿ, ಬೈಂದೂರಿನವರೆಗೆ ನಾಡದೋಣಿಯವರ ಹೊಟ್ಟೆಪಾಡು ಔಟ್‌ಬೋರ್ಡನ್ನೇ ನಂಬಿದೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಿಸಿ ಓಡಿಸುವ ಕಾಲ ಮುಗಿಯುತ್ತ ಬಂದಿದೆ. ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿ ಅವರು ಪೆಟ್ರೋಲ್ ಮೋಟಾರಿನತ್ತ ಹೊರಳಬೇಕಾಗಿದೆ. ಅವರಿಗೆ ತಪ್ಪು ಪಿಚ್ ಎಂದರೆ ಪ್ರತಿ ದಿನ ಲೀಟರುಗಟ್ಟಲೆ ಪೆಟ್ರೋಲ್ ನಷ್ಟ. ಪ್ರೊಪೆಲ್ಲರನ್ನು ಲೆಕ್ಕಹಾಕಿ ಆರಿಸಬಲ್ಲ, ಎತ್ತರವನ್ನು ಸರಿಮಾಡಬಲ್ಲ ನೂರು ಹುಡುಗರನ್ನು ಒಂದು ಚಿಕ್ಕ ರೇಸ್ ತಯಾರುಮಾಡಿದರೆ ಅದರ ಬೆಲೆ ಯಾವ ಟ್ರೋಫಿಗಿಂತಲೂ ಜಾಸ್ತಿ.

ಹಾಗಾಗಿ ಸ್ಪರ್ಧೆ ನಡೆಸಲು ಹೊರಟವರು ನಿಯಮಗಳನ್ನು ಹೀಗೆ ಬರೆಯಲಿ. ಮೋಟಾರುಗಳು ಆಯೋಜಕರವು, ಮುದ್ರೆ ಹಾಕಿದವು. ಯಾರಿಗೆ ಯಾವುದು ಎಂಬುದನ್ನು ಬೆಳಗ್ಗೆ ಚೀಟಿ ಎತ್ತಿ ತೀರ್ಮಾನಿಸಬೇಕು. ಎಲ್ಲರಿಗೂ ಅವೇ ಮೂರು ಪ್ರೊಪೆಲ್ಲರ್, ಒಂದು ಟ್ಯಾಕೋಮೀಟರ್, ಹೊಂದಿಸಿಕೊಳ್ಳಲು ಎರಡು ಗಂಟೆ. ಚಾಲಕ ಬಿದ್ದರೆ ಎಂಜಿನ್ ನಿಲ್ಲಿಸುವ ಹಗ್ಗ ಮೈಗೆ ಕಟ್ಟಿಕೊಳ್ಳದವನಿಗೆ, ಲೈಫ್ ಜಾಕೆಟ್ ಇಲ್ಲದವನಿಗೆ ದಡದಲ್ಲೇ ಜಾಗ. ಆಮೇಲೆ ಬಾವುಟ ಬೀಸಿ. ದೊಡ್ಡ ಮೋಟಾರು ಕೊಂಡವರು ಬೇಸರಪಟ್ಟುಕೊಂಡರೆ ಅವರಿಗೂ ಚೀಟಿ ಎತ್ತಲು ಅವಕಾಶ ಕೊಡಿ.