ನಾಲ್ಕು ದನಿ, ಒಂದು ಹಾಡು

ಹಗರೆ, ಬೇಲೂರು ಕಡೆಯ ವಿದ್ಯಾರ್ಥಿಗಳಲ್ಲಿ ಹಲವರು ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚನ್ನು ನೋಡಿರಬಹುದು. ಹೇಮಾವತಿ ಹಿನ್ನೀರು ಏರಿದಾಗ ನೀರಿನ ನಡುವೆ ನಿಲ್ಲುವ ಆ ಕಮಾನುಗಳ ಫೋಟೊ ತೆಗೆದುಕೊಂಡು ಬರುತ್ತೇವೆ. ಈಗ ಅದಕ್ಕೆ ಚಾವಣಿಯಿಲ್ಲ. ಆದರೆ ಅಂಥ ಎತ್ತರದ ಕಟ್ಟಡಗಳು ಕಣ್ಣಿಗಷ್ಟೇ ಅಲ್ಲ, ಕಿವಿಗೂ ಸೇರಿದವು. ಒಳಗೆ ಹಾಡಿದ ದನಿ ಗೋಡೆಗೆ, ಚಾವಣಿಗೆ ತಾಗಿ ಕೊಂಚ ಹೊತ್ತು ನಿಲ್ಲುತ್ತದೆ. ಯುರೋಪಿನ ಭಕ್ತಿ ವೃಂದಗಾನ ಬೆಳೆದದ್ದು ಇಂಥ ಚಾವಣಿಗಳ ಕೆಳಗೆ.

ಕ್ರಿಸ್‌ಮಸ್ ದಿನಗಳಲ್ಲಿ ಅದನ್ನೊಮ್ಮೆ ಕೇಳಿ ಎಂದರೆ ‘ಬೇರೆ ಧರ್ಮದ ಹಾಡು ನಮಗೇಕೆ?’ ಎನ್ನುವ ಪಾಲಕರುಂಟು. ಮೈಸೂರಿನ ಜಯಚಾಮರಾಜ ಒಡೆಯರು ದೇವಿಯ ಮೇಲೆ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರು. ಅವರೇ 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆದರು. ಒಂದಕ್ಕೊಂದು ಅಡ್ಡಿಯಾಗಲಿಲ್ಲ.

ಹ್ಯಾಂಡೆಲ್ 1741ರಲ್ಲಿ 24 ದಿನಗಳಲ್ಲಿ ಬರೆದ ‘ಮೆಸ್ಸಾಯ’ದಿಂದ ಶುರುಮಾಡಬಹುದು. ಮೊದಲ ಪ್ರಯೋಗ ನಡೆದದ್ದು 1742ರ ಏಪ್ರಿಲ್ 13ರಂದು, ಡಬ್ಲಿನ್ ನಗರದಲ್ಲಿ. ಕ್ರಿಸ್‌ಮಸ್‌ಗೆ ಹಾಡುವ ರೂಢಿ ಆಮೇಲೆ ಬಂತು. ಅಂದು ಕೂಡಿದ ಹಣ ಎರಡು ಆಸ್ಪತ್ರೆಗಳಿಗೆ ಮತ್ತು ಸಾಲ ತೀರಿಸಲಾಗದೆ ಸೆರೆಮನೆ ಸೇರಿದ್ದವರ ಬಿಡುಗಡೆಗೆ ಹೋಯಿತು. ಸಾಲದ ಭಾರ ಬಲ್ಲ ನಮ್ಮ ರೈತರ ಮನೆಗಳಿಗೆ ಈ ಸಂಗೀತ ಪರಕೀಯವಾಗಬೇಕಿಲ್ಲ.

‘ಮಾತು ತಿಳಿಯುವುದಿಲ್ಲವಲ್ಲ’ ಎನ್ನುವ ವಿದ್ಯಾರ್ಥಿಗಳೇ, ಅದರೊಳಗಿನ ‘ಹಲ್ಲೆಲೂಯ’ ಭಾಗವನ್ನು ಕೇಳಿ. ಸುಮಾರು ನಾಲ್ಕು ನಿಮಿಷ. ಆ ಹೀಬ್ರೂ ಪದಕ್ಕೆ ‘ದೇವರನ್ನು ಸ್ತುತಿಸಿರಿ’ ಎಂದರ್ಥ. ಸೊಪ್ರಾನೊ, ಆಲ್ಟೊ ಹೆಣ್ಣುದನಿಗಳು. ಟೆನರ್, ಬಾಸ್ ಗಂಡುದನಿಗಳು. ಕೆಲವೆಡೆ ಎಲ್ಲರೂ ಒಂದೇ ಸ್ವರ ಹಾಡುತ್ತಾರೆ. ಮುಂದೆ ಒಂದು ಸಾಲನ್ನು ಬಾಸ್ ಆರಂಭಿಸುತ್ತದೆ. ಅದನ್ನೇ ಟೆನರ್, ಆಲ್ಟೊ, ಸೊಪ್ರಾನೊ ಒಂದರ ಹಿಂದೊಂದು ಎತ್ತಿಕೊಳ್ಳುತ್ತವೆ. ನಮ್ಮ ಸೋಬಾನೆಯಲ್ಲೂ ಒಬ್ಬರು ಹೇಳಿದ ಸೊಲ್ಲನ್ನು ಉಳಿದವರು ಎತ್ತಿಕೊಳ್ಳುತ್ತಾರಲ್ಲವೇ? ಆದರೆ ಸೊಲ್ಲು ಮುಗಿಯುವವರೆಗೆ ಕಾಯುತ್ತಾರೆ. ಇಲ್ಲಿ ಕಾಯುವುದಿಲ್ಲ, ಹಿಂದಿನವರು ಹಾಡುತ್ತಿರುವಾಗಲೇ ಮುಂದಿನವರು ಸೇರುತ್ತಾರೆ. ಆದರೂ ಗದ್ದಲವಾಗುವುದಿಲ್ಲ.

ಮೊದಲ ಸಲ ಮೇಲಿನ ದನಿಯನ್ನಷ್ಟೇ ಹಿಂಬಾಲಿಸಿ. ಎರಡನೆಯ ಸಲ ಕೆಳಗಿನದನ್ನು. ಮೂರನೆಯ ಸಲ ಎರಡನ್ನೂ ಒಟ್ಟಿಗೆ ಹಿಡಿಯಲು ನೋಡಿ. ಕಷ್ಟ, ಆದರೆ ಪಾಠಕ್ಕೂ ಬೇಕಾದ ಏಕಾಗ್ರತೆ ಅದೇ. ಮನೆಯ ಮೊಬೈಲಿನಲ್ಲೇ ಸಿಗುತ್ತದೆ. ಪಾಲಕರೇ, ‘ಓದಿಕೋ ಹೋಗು’ ಎನ್ನುವ ಮೊದಲು ಆ ನಾಲ್ಕು ನಿಮಿಷ ಮಕ್ಕಳ ಪಕ್ಕ ನೀವೂ ಕುಳಿತು ಕೇಳಿ.