ಪೇಢಾ ಡಬ್ಬಿ ಮೇಲೆ ಎಮ್ಮೆಯ ಊರಿನ ಹೆಸರೂ ಬರಲಿ

ಭಾನುವಾರ ಬಂದರೆ ಬೆಂಗಳೂರು, ಪುಣೆ ಕಡೆಯಿಂದ ಹೈವೇ ಹಿಡಿದು ಬರುವ ಕಾರು, ಬೈಕುಗಳು ಧಾರವಾಡದ ಲೈನ್ ಬಜಾರಕ್ಕೆ ತಿರುಗುತ್ತವೆ. ಇಳಿದವರ ಫೋನಿನಲ್ಲಿ ಪಟ್ಟಿ ತಯಾರಿರುತ್ತದೆ. ಧಾರವಾಡದಲ್ಲಿ ಪೇಢಾ, ಹುಬ್ಬಳ್ಳಿಯಲ್ಲಿ ಗಿರ್ಮಿಟ್ ಮತ್ತು ಸಾವಜಿ ಊಟ, ಬೆಳಗಾವಿಯಲ್ಲಿ ಕುಂದಾ, ಗೋಕಾಕ ಇಲ್ಲವೇ ಅಮೀನಗಡದಲ್ಲಿ ಕರದಂಟು. ಹಳೆಯ ಅಂಗಡಿಯ ಬೋರ್ಡಿನ ಮುಂದೆ ಒಂದು ಫೋಟೊ, ಡಬ್ಬಿ ಬಿಚ್ಚುವ ಒಂದು ವಿಡಿಯೊ, ಆಮೇಲೆ ಮುಂದಿನ ಊರು.

ಇದಕ್ಕೆ ನಮ್ಮ ತಕರಾರಿಲ್ಲ. ಬಂದವರು ತಿನ್ನಲಿ, ಕಟ್ಟಿಸಿಕೊಂಡು ಹೋಗಲಿ, ನಮ್ಮ ಊರಿನ ಹೆಸರು ನಾಲ್ಕು ಕಡೆ ಹಬ್ಬಲಿ. ಆದರೆ ಈ ಪ್ರವಾಸ ಅರ್ಧ ದಾರಿಯಿಂದ ಶುರುವಾಗುತ್ತದೆ ಎಂಬುದು ನಮ್ಮ ಮಾತು. ಪೇಢಾದ ಕಥೆ ಅಂಗಡಿಯ ಕಟ್ಟೆಯಿಂದ ಶುರುವಾಗುವುದಿಲ್ಲ. ನಸುಕಿನಲ್ಲಿ ಎದ್ದು ಎಮ್ಮೆ ಹಿಂಡುವವರ ಕೊಟ್ಟಿಗೆಯಿಂದ ಶುರುವಾಗುತ್ತದೆ. ಆ ಕೊಟ್ಟಿಗೆ ಇರುವುದು ನಿಮ್ಮ ಊರಿನಲ್ಲಿ. ಅದರ ಹೆಸರು ಮಾತ್ರ ಡಬ್ಬಿಯ ಮೇಲೆ ಎಲ್ಲೂ ಇಲ್ಲ.

ಈ ಹಳೆಯ ಅಂಗಡಿ, ಖಾನಾವಳಿಗಳನ್ನು ಇಷ್ಟು ವರ್ಷ ಸಾಕಿದವರು ಯಾರು ಎಂದು ಮೊದಲು ಕೇಳೋಣ. ರೀಲ್ಸ್ ಬರುವ ಮೊದಲೂ ಇವು ನಡೆದಿವೆ. ಅಮರಗೋಳದ ಎಪಿಎಂಸಿಗೆ ಮಾಲು ತಂದವರು, ಕೋರ್ಟಿನ ತಾರೀಖಿಗೆ ಬಂದವರು, ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲಿ ಪೇಷಂಟ್ ಜೊತೆ ಉಳಿದವರು, ಕರ್ನಾಟಕ ಕಾಲೇಜು, ವಿಶ್ವವಿದ್ಯಾಲಯಕ್ಕೆ ಮಕ್ಕಳನ್ನು ಸೇರಿಸಲು ಬಂದವರು, ಎಲ್ಲರೂ ಹಳ್ಳಿಯವರೇ. 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆಗಳಾಗುವವರೆಗೆ ಅಲ್ಲಿಯ ಮಂದಿಗೂ ಜಿಲ್ಲಾ ಕಚೇರಿಯ ಕೆಲಸ ಇದ್ದರೆ ಧಾರವಾಡಕ್ಕೇ ಬರಬೇಕಿತ್ತು. ಕೆಲಸ ಮುಗಿಯಲಿ ಬಿಡಲಿ, ಮಧ್ಯಾಹ್ನ ಹೊಟ್ಟೆ ಕೇಳುತ್ತದೆ. ಆಗ ಹೋಗುತ್ತಿದ್ದುದು ಖಾನಾವಳಿಗೆ. ಸಂಜೆ ಊರಿನ ಬಸ್ಸು ಹತ್ತುವ ಮುಂಚೆ ಮಕ್ಕಳಿಗೆ ಅಂತ ಪಾವು ಕಿಲೋ, ಅರ್ಧ ಕಿಲೋ ಪೇಢಾ ಕಟ್ಟಿಸುತ್ತಿದ್ದರು. ‘ರೋಡ್ ಟ್ರಿಪ್’ ಎಂಬ ಮಾತು ನಮಗೆ ಗೊತ್ತಿಲ್ಲದ ಕಾಲದಲ್ಲೂ ನಮ್ಮ ಹಿರಿಯರು ಆ ದಾರಿ ತುಳಿದವರೇ.

ಖಾನಾವಳಿಯ ತಾಟನ್ನೇ ನೋಡಿ. ಧಾರವಾಡದ ಬಸಪ್ಪ ಖಾನಾವಳಿಯಂಥ ಹೆಸರಾದ ಕಡೆ ಹೋಗಿ, ಇಲ್ಲ ಬಸ್‌ಸ್ಟ್ಯಾಂಡ್ ಹಿಂದಿನ ಸಣ್ಣ ಖಾನಾವಳಿಗೆ ಹೋಗಿ. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ. ಇದರಲ್ಲಿ ನಮ್ಮ ಹೊಲದಲ್ಲಿ ಬೆಳೆಯದ್ದು ಯಾವುದು? ಸಾವಜಿ ಊಟದ ಖಾರ ಹುಬ್ಬಳ್ಳಿಯ ಎಸ್‌ಎಸ್‌ಕೆ ಸಮಾಜದವರ ಕೈಗುಣ ನಿಜ. ಆದರೆ ಈ ಸೀಮೆಯ ಸಾರಿಗೆ ಕೆಂಪು ಬಣ್ಣ ಕೊಡುವ ಬ್ಯಾಡಗಿ ಮೆಣಸಿನಕಾಯಿ ಬೆಳೆಯುವುದು ರೈತರ ಹೊಲದಲ್ಲಿ. ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಮಾನ್ಯತೆ ಸಿಕ್ಕಾಗ ಬೆಳೆಯ ಹೆಸರೂ ಊರಿನ ಹೆಸರೂ ಒಟ್ಟಿಗೆ ಉಳಿದವು. ಪೇಢಾ ವಿಷಯದಲ್ಲಿ ಹಾಗಾಗಿಲ್ಲ.

ಪೇಢಾ ಈ ಊರಿಗೆ ಬಂದ ಕಥೆ ಬಹಳ ಮಂದಿಗೆ ಗೊತ್ತು. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿಗೆ ಅಂಜಿ ಬಂದ ಠಾಕೂರ ಮನೆತನ ಇದನ್ನು ಧಾರವಾಡದಲ್ಲಿ ಶುರು ಮಾಡಿತು ಎನ್ನುತ್ತಾರೆ. ಅದೇ ಮನೆತನದ ಬಾಬುಸಿಂಗ್ ಠಾಕೂರರ ಹೆಸರಿನಲ್ಲಿ ಲೈನ್ ಬಜಾರದ ಅಂಗಡಿ ಇವತ್ತಿಗೂ ಪ್ರಸಿದ್ಧ. 1933ರಲ್ಲಿ ಅವಧ್ ಬಿಹಾರಿ ಮಿಶ್ರಾ ಅದೇ ಬಜಾರದಲ್ಲಿ ಇನ್ನೊಂದು ಅಂಗಡಿ ತೆರೆದರು. ಠಾಕೂರರದು ಒಂದು ಅಂಗಡಿ ಹಿಡಿದು ಕುಳಿತು, ಮಾಡಿದಷ್ಟು ಮಾರಿ, ಗಿರಾಕಿಯನ್ನು ಸಾಲಿನಲ್ಲಿ ನಿಲ್ಲಿಸಿ ಬೆಳೆದ ಹೆಸರು. ಮಿಶ್ರಾ ಪೇಢಾ ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಊರೂರಿಗೆ ಹೋಯಿತು. ಎರಡೂ ದಾರಿಗೆ ಅದರದೇ ಗಿರಾಕಿಗಳಿದ್ದಾರೆ. ಯಾವುದು ರುಚಿ ಎಂಬ ಜಗಳ ಧಾರವಾಡದ ಕಟ್ಟೆಗಳ ಮೇಲೆ ಇನ್ನೂ ಮುಗಿದಿಲ್ಲ, ಅದನ್ನು ನಾವು ಮುಗಿಸಲೂ ಹೋಗುವುದಿಲ್ಲ.

ಹೊರಗಿನಿಂದ ಬಂದ ಕೈ ಇಲ್ಲಿಯ ಹಾಲಿಗೆ ಕೂಡಿದ್ದರಿಂದ ಈ ಪೇಢಾ ಆಯಿತು ಎಂಬುದನ್ನು ಮಾತ್ರ ಮರೆಯಬಾರದು. ಹಾಲನ್ನು ಕಾಯಿಸಿ ಕಾಯಿಸಿ ಖೋವಾ ಮಾಡಬೇಕು. ಆ ಖೋವಾವನ್ನು ಸಕ್ಕರೆ ಹಾಕಿ ಕಂದು ಬಣ್ಣ ಬರುವವರೆಗೆ ಹುರಿಯಬೇಕು. ಆಮೇಲೆ ಉಂಡೆ ಕಟ್ಟಿ ಸಕ್ಕರೆ ಪುಡಿಯಲ್ಲಿ ಹೊರಳಿಸಬೇಕು. ಒಂದು ಕಿಲೋ ಖೋವಾಕ್ಕೆ 4ರಿಂದ 5 ಲೀಟರ್ ಎಮ್ಮೆ ಹಾಲು ಬೇಕು. ಎಮ್ಮೆ ಹಾಲಿನಲ್ಲಿ ಫ್ಯಾಟ್ ಸುಮಾರು 7 ಪ್ರತಿಶತ, ಆಕಳ ಹಾಲಿನಲ್ಲಿ ಹೆಚ್ಚುಕಡಿಮೆ 4. ಹುರಿದಾಗ ಬರುವ ಆ ಘಮ, ಬಾಯಲ್ಲಿ ಕರಗುವ ಆ ಮರಳು ಮರಳು ಹದ ಈ ಜಿಡ್ಡಿನಿಂದ ಬರುವುದು. ಹಿಂದಿನಿಂದಲೂ ಹಾಲು ಕೊಟ್ಟವರು ಧಾರವಾಡ ಸುತ್ತಲಿನ ಗೌಳಿಗಳು. ಕಲಘಟಗಿ, ಹಳಿಯಾಳದ ಕಾಡಂಚಿನಲ್ಲಿ ಎಮ್ಮೆ ಕಟ್ಟಿಕೊಂಡು ಬದುಕುವ ಗೌಳಿಗಳನ್ನು ನೀವು ನೋಡಿಯೇ ಇರುತ್ತೀರಿ.

ಆ ಎಮ್ಮೆಗೂ ಈಗ ಸರ್ಕಾರಿ ಹೆಸರಿದೆ. 2021ರಲ್ಲಿ ‘ಧಾರವಾಡಿ’ ಎಂಬ ಹೆಸರಿನಲ್ಲಿ ಇದು ದೇಶದ ಪ್ರತ್ಯೇಕ ಎಮ್ಮೆ ತಳಿಯಾಗಿ ನೋಂದಣಿಯಾಯಿತು. ಇದರ ಹಿಂದೆ ಧಾರವಾಡ ಕೃಷಿ ವಿಶ್ವವಿದ್ಯಾಲಯದವರ ಅಧ್ಯಯನ ಇದೆ. ಕೋಡು ಅರ್ಧಚಂದ್ರದ ಹಾಗೆ, ಮೈ ಕಪ್ಪು, ನಮ್ಮ ಬಿಸಿಲಿಗೂ ಒಣ ಮೇವಿಗೂ ಒಗ್ಗಿದ ತಳಿ. ನೋಂದಣಿಯಾದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕೊಟ್ಟಿಗೆಗೆ ಏನು ಬಂತು?

ನಮ್ಮ ಆತಂಕ ಇರುವುದು ಇಲ್ಲಿ. 2012ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 35 ಲಕ್ಷ ಎಮ್ಮೆಗಳಿದ್ದವು. 2019ರ ಗಣತಿಯಲ್ಲಿ ಅದು ಸುಮಾರು 30 ಲಕ್ಷ. ಏಳು ವರ್ಷಕ್ಕೆ ಐದು ಲಕ್ಷ ಕಡಿಮೆ. ಕಾರಣ ನಿಮಗೆ ನಾವು ಹೇಳಬೇಕಿಲ್ಲ. ಗೋಮಾಳ ಕರಗಿದೆ, ಹೊಟ್ಟು ಕಣಿಕೆಯ ರೇಟು ಏರಿದೆ, ಎಮ್ಮೆ ಗಬ್ಬ ಕಟ್ಟುವುದು ತಡ, ಸೆಗಣಿ ಬಳಿಯಲು ಮನೆಯಲ್ಲಿ ಹುಡುಗರಿಲ್ಲ. ‘ಎಮ್ಮಿ ಯಾರ್ ಕಟ್ತಾರೋ ಮಾರಾಯಾ’ ಅನ್ನುವ ಮಾತು ಊರೂರಲ್ಲಿ ಕೇಳಿಬರುತ್ತದೆ. ಎಮ್ಮೆ ಹೋದರೂ ಪೇಢಾ ಇರುತ್ತದೆ, ಬಿಡಿ. ಎಲ್ಲಿಂದಲೋ ಬಂದ ಖೋವಾದಿಂದ, ಹಾಲಿನ ಪುಡಿಯಿಂದ ಮಾಡುವುದು ಯಾರಿಗೂ ಕಷ್ಟವಲ್ಲ. ಹೆಸರು ಮಾತ್ರ ಧಾರವಾಡದ್ದು ಉಳಿಯುತ್ತದೆ.

ಧಾರವಾಡ ಪೇಢಾಕ್ಕೂ ಜಿಐ ಮಾನ್ಯತೆ ಇದೆ. ಅದು ಹೆಸರನ್ನು ಕಾಯುತ್ತದೆ. ಬೇರೆ ಊರಿನಲ್ಲಿ ಮಾಡಿ ಧಾರವಾಡ ಪೇಢಾ ಅಂತ ಮಾರಬಾರದು ಎನ್ನುತ್ತದೆ. ಒಳ್ಳೆಯದು. ಆದರೆ ಅದು ಪೇಢಾ ಮಾಡುವವರಿಗೆ ಕೊಟ್ಟ ಕಾವಲು. ಹಾಲು ಹಿಂಡುವವರಿಗೆ ಅಂಥ ಕಾವಲು ಸಿಕ್ಕಿಲ್ಲ.

ಹಾಗಾದರೆ ನಾವು ಕೇಳುವುದೇನು? ದೊಡ್ಡದೇನೂ ಅಲ್ಲ. ಪೇಢಾ ಡಬ್ಬಿಯ ಮೇಲೆ ಒಂದು ಸಾಲು ಇರಲಿ: ಇದರ ಹಾಲು ಯಾವ ಎಮ್ಮೆಯದು, ಯಾವ ಊರುಗಳಿಂದ ಬಂದದ್ದು. ಖಾನಾವಳಿಯ ಗೋಡೆಯ ಮೇಲೆ ಒಂದು ಹಲಗೆ ಇರಲಿ: ಜೋಳ ಎಲ್ಲಿಯದು, ರೊಟ್ಟಿ ಬಡಿದವರು ಯಾವ ಊರಿನ ಸಂಘದವರು.

ಅಂಗಡಿಯವರು ಹೇಳುವ ಅಡಚಣೆಯೂ ಸುಳ್ಳಲ್ಲ. ಹಾಲು ನಾಲ್ಕು ಕೈ ದಾಟಿ ಬರುತ್ತದೆ, ಕ್ಯಾನಿನಲ್ಲಿ ಎಲ್ಲ ಊರಿನದೂ ಕೂಡಿರುತ್ತದೆ, ಇವತ್ತು ಬಂದ ಹಾಲು ನಾಳೆ ಬರುತ್ತದೆ ಎನ್ನಲಾಗದು, ಬರೆದದ್ದು ತಪ್ಪಾದರೆ ಗಿರಾಕಿ ಬೈಯುತ್ತಾನೆ. ಲೀಟರ್ ಲೀಟರಿಗೂ ಲೆಕ್ಕ ಬರೆಯಿರಿ ಎಂದು ನಾವು ಕೇಳುತ್ತಿಲ್ಲ. ಕಾಯಂ ಹಾಲು ಹಾಕುವ ಹತ್ತು ಊರುಗಳ ಹೆಸರು ಬರೆದರೂ ಸಾಕು. ಆ ಊರುಗಳವರಿಗೆ ‘ನಮ್ಮ ಹಾಲಿಗೆ ಇಂಥ ಅಂಗಡಿ ಇದೆ’ ಎಂದು ದರ ಕೇಳುವ ಧೈರ್ಯ ಬರುತ್ತದೆ. ಫ್ಯಾಟ್ ನೋಡಿ ದರ ಕೊಡುವುದು ಡೇರಿಗೆ ಹಾಲು ಹಾಕುವ ಎಲ್ಲರಿಗೂ ಗೊತ್ತಿರುವ ಲೆಕ್ಕ. ಪೇಢಾಕ್ಕೆ ಹೋಗುವ ಎಮ್ಮೆ ಹಾಲಿಗೆ ಅದರ ಮೇಲೆ ಎರಡು ರೂಪಾಯಿ ಕೂಡಿಸಿದರೂ ಕೊಟ್ಟಿಗೆಯಲ್ಲಿ ಇನ್ನೊಂದು ಕರು ಉಳಿದೀತು.

ಪೇಢಾದ ರೇಟು ಏರುತ್ತದೆ ಎನ್ನಬಹುದು. ಸ್ವಲ್ಪ ಏರಲಿ. ಐನೂರು ಕಿಲೋಮೀಟರ್ ಪೆಟ್ರೋಲ್ ಸುಟ್ಟು ಬಂದವರಿಗೆ ಒಂದು ಡಬ್ಬಿಯ ಮೇಲೆ ಹತ್ತು ರೂಪಾಯಿ ಭಾರವಾಗುವುದಿಲ್ಲ.

ಇನ್ನು ನಿಮಗೆ ಒಂದು ಮಾತು. ಹಳೆಯ ಅಂಗಡಿ ನೋಡುವ ಪ್ರವಾಸ ಕಾರು ಇದ್ದವರಿಗೆ ಮಾತ್ರ ಎಂದುಕೊಳ್ಳಬೇಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ನಲವತ್ತು ವರ್ಷ ಎಮ್ಮೆ ಹಿಂಡಿದ ಅವ್ವ, ಅಜ್ಜಿ ಲೈನ್ ಬಜಾರದ ಕಟ್ಟೆಯನ್ನು ಒಮ್ಮೆಯೂ ನೋಡದೆ ಇರಬಹುದು. ಒಂದು ದಿನ ಕರೆದುಕೊಂಡು ಹೋಗಿ. ಮುಂಜಾನೆ ಧಾರವಾಡದಲ್ಲಿ ಪೇಢಾ, ಮಧ್ಯಾಹ್ನ ಖಾನಾವಳಿಯಲ್ಲಿ ಊಟ. ಹುಬ್ಬಳ್ಳಿ 20 ಕಿಲೋಮೀಟರ್ ಅಷ್ಟೇ. ಸಂಜೆ ದುರ್ಗದ ಬೈಲಿನಲ್ಲಿ ಗಿರ್ಮಿಟ್, ಜೊತೆಗೆ ಬಿಸಿ ಮಿರ್ಚಿ.

ಹೋದಾಗ ಕಟ್ಟೆಯ ಮುಂದೆ ಸುಮ್ಮನೆ ದುಡ್ಡು ಕೊಟ್ಟು ಬರಬೇಡಿ. ‘ಅಣ್ಣಾರ, ಈ ಖೋವಾ ಯಾವ ಕಡೀದ್ರೀ? ಎಮ್ಮಿ ಹಾಲಿಂದೋ, ಆಕಳ ಹಾಲಿಂದೋ? ಲೀಟರಿಗೆ ಏನ್ ರೇಟ್ ಕೊಡ್ತೀರಿ?’ ಎಂದು ಕೇಳಿ. ಕೇಳುವುದು ಅವಮಾನವೂ ಅಲ್ಲ, ಜಗಳವೂ ಅಲ್ಲ. ಒಬ್ಬರು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ, ದಿನಕ್ಕೆ ಹತ್ತು ಮಂದಿ ಕೇಳಿದರೆ ಉತ್ತರ ಬರೆದು ಅಂಟಿಸುತ್ತಾರೆ.

ದೂರದಿಂದ ಬರುವ ಪ್ರವಾಸಿಗಳಿಗೂ ಇದೇ ಕೋರಿಕೆ. ಬೋರ್ಡಿನ ಫೋಟೊ ತೆಗೆದುಕೊಳ್ಳಿ. ಆಮೇಲೆ ಹೈವೇ ಬಿಟ್ಟು ಹತ್ತು ಕಿಲೋಮೀಟರ್ ಒಳಗೆ ಬನ್ನಿ. ಮುಂಜಾನೆ ಆರಕ್ಕೆ ಯಾವುದೇ ಊರಿನ ಡೇರಿ ಮುಂದೆ ಕ್ಯಾನು ಹಿಡಿದು ನಿಂತವರ ಸಾಲು ಕಾಣುತ್ತದೆ. ನೀವು ಲೈನ್ ಬಜಾರದಲ್ಲಿ ನಿಲ್ಲುವ ಸಾಲಿಗಿಂತ ಅದು ಹಳೆಯದು.