ಹದಿನೈದು ದಿನದ ಧರ್ಮಸೇವೆ

ಅಮೆರಿಕ ಮೊದಲಾದ ಧನಿಕ ದೇಶಗಳ ಕ್ರಿಸ್ತೀಯ ತರುಣರು ವಿದ್ಯಾಭ್ಯಾಸದ ಬಿಡುವಿನಲ್ಲಿ ಹತ್ತು ಹದಿನೈದು ದಿನಗಳ ಮಟ್ಟಿಗೆ ಪರದೇಶಕ್ಕೆ ಹೋಗಿ, ಅಲ್ಲಿಯ ಬಡವರ ನಡುವೆ ಧರ್ಮಸೇವೆ ಮಾಡಿ ಮರಳುವ ಪದ್ಧತಿಯು ಈಗ ಹೊಸದೇನೂ ಅಲ್ಲ. 1957ರ ಬೇಸಿಗೆಯಲ್ಲಿ ಜಾರ್ಜ್ ವರ್ವರ್ ಎಂಬ ವಿದ್ಯಾರ್ಥಿಯು ಇಬ್ಬರು ಗೆಳೆಯರೊಡನೆ ಸುವಾರ್ತೆಯ ಪುಸ್ತಕಗಳನ್ನು ಹೇರಿಕೊಂಡು ಮೆಕ್ಸಿಕೋ ದೇಶಕ್ಕೆ ಹೋದುದೂ, 1960ರಲ್ಲಿ ಲೋರೆನ್ ಕನ್ನಿಂಗ್‌ಹ್ಯಾಮ್ ಎಂಬುವರು ತರುಣರಿಗೆಂದೇ ಒಂದು ಮಿಶನ್ ಸಂಸ್ಥೆಯನ್ನು ಸ್ಥಾಪಿಸಿದುದೂ ಈ ಪದ್ಧತಿಯ ಮೊದಲ ಹೆಜ್ಜೆಗಳಲ್ಲಿ ಸೇರಿವೆ. ಈ ಶತಮಾನದ ಮೊದಲ ದಶಕದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ ಅವರು ಮಾಡಿದ ಅಂದಾಜಿನಂತೆ, ಅಮೆರಿಕವೊಂದರಿಂದಲೇ ವರ್ಷಕ್ಕೆ ಸುಮಾರು 16 ಲಕ್ಷ ಜನ ಹೀಗೆ ಹೊರಡುತ್ತಿದ್ದರು. ಗಂಗಾಸ್ನಾನಕ್ಕೆ ಹೊರಟ ನಮ್ಮ ಯಾತ್ರಿಕರ ಗುಂಪನ್ನು ನೋಡಿ ನಗುವವರು ಈ ಸಂಖ್ಯೆಯನ್ನು ತುಸು ಧ್ಯಾನಕ್ಕೆ ತಂದುಕೊಳ್ಳುವುದು ಒಳ್ಳೆಯದು.

ಹೀಗೆ ಹೋಗಿ ಬಂದ ತರುಣನು ತನ್ನ ಊರಿನ ಸಭೆಯ ಮುಂದೆ ನಿಂತು ಹೇಳುವ ಮಾತು ಬಹುಮಟ್ಟಿಗೆ ಒಂದೇ ತೆರನಾದುದು. ಅಲ್ಲಿಯ ಜನರಿಗೆ ಏನೂ ಇಲ್ಲ, ಆದರೂ ಅವರ ಮುಖದ ಮೇಲೆ ನಗೆಯಿದೆ; ನಾನು ಕೊಡಲೆಂದು ಹೋದೆ, ಕೊಟ್ಟುದಕ್ಕಿಂತ ಹೆಚ್ಚನ್ನು ಪಡೆದು ಬಂದೆ. ಈ ಮಾತಿನಲ್ಲಿ ಕಪಟವಿದೆಯೆಂದು ನಾವು ಹೇಳುವುದಿಲ್ಲ. ಇಪ್ಪತ್ತು ವಯಸ್ಸಿನ ಹುಡುಗನು ತನ್ನ ದುಡ್ಡು ಖರ್ಚು ಮಾಡಿ, ಸುಖದ ಮನೆಯನ್ನು ಬಿಟ್ಟು, ನೊಣ ಸೊಳ್ಳೆಗಳನ್ನು ಸಹಿಸಿ, ಅಪರಿಚಿತರ ಮಕ್ಕಳನ್ನು ಎತ್ತಿಕೊಂಡು ಆಡಿಸಿದರೆ ಅವನ ಅಂತಃಕರಣವನ್ನು ಜರೆಯುವುದು ಸಜ್ಜನಿಕೆಯಲ್ಲ. ನಾವು ಕೇಳತಕ್ಕ ಪ್ರಶ್ನೆ ಬೇರೆ. ಅವನು ಪಡೆದು ಹೋದನು, ಸರಿ, ಕೊಟ್ಟವರಾರು? ಅವರಿಗೆ ಉಳಿದುದೇನು?

ಅಂಥ ತರುಣನೊಬ್ಬನು ನಮ್ಮ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಗೆ ಬಂದನೆಂದು ಊಹಿಸೋಣ. ಕಣ್ಣು ಹರಿಯುವವರೆಗೆ ಕರಿಯ ನೆಲ, ತೊಗರಿಯ ಹೊಲಗಳು, ಹಳ್ಳಿಯೊಳಗೆ ಸಾಲಾಗಿ ಬೀಗ ಹಾಕಿದ ಮನೆಗಳು, ಕಟ್ಟೆಯ ಮೇಲೆ ಮುದುಕರು, ಬೀದಿಯಲ್ಲಿ ಮಕ್ಕಳು. ಆ ಬೀಗ ಹಾಕಿದ ಮನೆಯವರು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಲ್ಲಿ ಇಟ್ಟಿಗೆ ಹೊರುತ್ತಿದ್ದಾರೆಂದೂ, 2020ರ ಸಾಂಕ್ರಾಮಿಕದ ಕಾಲದಲ್ಲಿ ಅವರೇ ಗಂಟುಮೂಟೆ ಹೊತ್ತು ಊರಿಗೆ ಮರಳಿ, ಮರುವರ್ಷ ಮತ್ತೆ ಹೋದರೆಂದೂ ಅವನಿಗೆ ತಿಳಿಯುವುದೆಂತು? ಕೇಳಲು ಅವನಿಗೆ ಭಾಷೆ ಬಾರದು; ಹೇಳಬಲ್ಲ ದುಭಾಷಿಗೆ ಬಂದವರ ಮನಸ್ಸನ್ನು ನೋಯಿಸಬಾರದೆಂಬ ದಾಕ್ಷಿಣ್ಯ. ಅದೇ 2020ರ ಅಕ್ಟೋಬರದಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳು ನೀರು ಪಾಲಾದುವು. ಬಿದ್ದ ಗೋಡೆಯನ್ನು ನೋಡಿದ ಪ್ರವಾಸಿಯು ಕನಿಕರಪಟ್ಟು ಕಂಬಳಿ ಹಂಚಬಹುದು. ಮಹಾರಾಷ್ಟ್ರದ ಉಜನಿ, ವೀರ ಜಲಾಶಯಗಳಿಂದ ಬಿಟ್ಟ ನೀರು ಎಷ್ಟು, ಅದರ ಮುನ್ಸೂಚನೆ ನದಿಯ ಕೆಳಗಿನವರಿಗೆ ಎಷ್ಟು ಹೊತ್ತು ಮುಂಚೆ ಬರಬೇಕು, ಎತ್ತರದ ನೆಲದಲ್ಲಿ ಮನೆ ಕಟ್ಟಿಕೊಡತಕ್ಕವರು ಯಾರು ಎಂಬ ಪ್ರಶ್ನೆಗಳು ಕಂಬಳಿಯಿಂದ ಬಗೆಹರಿಯತಕ್ಕವಲ್ಲ. ಅವು ಎರಡು ಸರಕಾರಗಳು ಒಂದೆಡೆ ಕುಳಿತು ಲೆಕ್ಕ ಒಪ್ಪಿಸಬೇಕಾದ ಪ್ರಶ್ನೆಗಳು.

ಶಾಲೆಯ ಗೋಡೆಗೆ ಬಣ್ಣ ಹಚ್ಚುವುದು ಇಂತಹ ತಂಡಗಳಿಗೆ ಬಲು ಪ್ರಿಯವಾದ ಕೆಲಸ. ಬಣ್ಣ ಹಚ್ಚಿದ ಗೋಡೆ ಭಾವಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಬಣ್ಣ ಹಚ್ಚಬಲ್ಲ ಕೈಗಳು ಆಳಂದದಲ್ಲಿ ಇಲ್ಲವೇ? ಅವೇ ಕೈಗಳು ಕೂಲಿ ಹುಡುಕಿಕೊಂಡು ಪುಣೆಗೆ ಹೋಗಿವೆ! ಈ ವಿಷಯದಲ್ಲಿ ಒಬ್ಬ ಕ್ರಿಸ್ತೀಯ ವಿದ್ವಾಂಸರೇ ಮಾಡಿದ ಪರೀಕ್ಷೆಯು ನಮ್ಮ ವಾಚಕರಿಗೆ ತಿಳಿದಿರತಕ್ಕದ್ದು. 1998ರ ಮಿಚ್ ಚಂಡಮಾರುತದಿಂದ ಹೊಂಡುರಾಸ್ ದೇಶದಲ್ಲಿ ಸಾವಿರಾರು ಮನೆಗಳು ನೆಲಸಮವಾದುವು. ಉತ್ತರ ಅಮೆರಿಕದ ಚರ್ಚುಗಳ ಸ್ವಯಂಸೇವಕರು ತಂಡತಂಡವಾಗಿ ಬಂದು ಮನೆ ಕಟ್ಟಿಕೊಟ್ಟರು. ಕಾಲ್ವಿನ್ ಕಾಲೇಜಿನ ಕರ್ಟ್ ವರ್ ಬೀಕ್ ಅವರು ಲೆಕ್ಕ ಹಾಕಿ ನೋಡಲಾಗಿ, ವಿಮಾನದ ವೆಚ್ಚವೂ ಸೇರಿ ಅಂತಹ ಒಂದು ಮನೆಗೆ ಸುಮಾರು 30,000 ಡಾಲರು ತಗುಲಿದ್ದಿತು. ಅದನ್ನೇ ಸ್ಥಳೀಯರು 2,000 ಡಾಲರಿನ ಸುಮಾರಿಗೆ ಕಟ್ಟುತ್ತಿದ್ದರು. ಒಂದು ಮನೆಯ ದುಡ್ಡಿನಲ್ಲಿ ಒಂದು ಓಣಿಯೇ ಏಳಬಹುದಾಗಿತ್ತು. ಇನ್ನು, ಹೋಗಿ ಬಂದವರ ಬಾಳಿನಲ್ಲಾದರೂ ದೊಡ್ಡ ಪರಿವರ್ತನೆ ಉಂಟಾಯಿತೇ ಎಂದರೆ, ಅವರ ದಾನಧರ್ಮಾದಿಗಳಲ್ಲಿ ಹೇಳಿಕೊಳ್ಳುವಷ್ಟು ವ್ಯತ್ಯಾಸವೇನೂ ಕಾಣಲಿಲ್ಲ. ಇದಕ್ಕೂ ಬಹು ಮುಂಚೆ, 1968ರ ಏಪ್ರಿಲಿನಲ್ಲಿ, ಕ್ಯಾಥೊಲಿಕ್ ಪಾದ್ರಿಯಾಗಿದ್ದ ಇವಾನ್ ಇಲ್ಲಿಚ್ ಅವರು ಮೆಕ್ಸಿಕೋದಲ್ಲಿ ನೆರೆದಿದ್ದ ಅಮೆರಿಕದ ಸೇವಾರ್ಥಿ ವಿದ್ಯಾರ್ಥಿಗಳ ಎದುರಿಗೇ ನಿಂತು, ನೋಡಲು ಬನ್ನಿ, ಕಲಿಯಲು ಬನ್ನಿ, ನಮ್ಮನ್ನು ಉದ್ಧರಿಸಲು ಮಾತ್ರ ಬರಬೇಡಿರಿ ಎಂಬ ಅರ್ಥದ ಮಾತನ್ನು ನಿಷ್ಠುರವಾಗಿ ಆಡಿದ್ದರು. ಆ ಕೇಳುಗರಿಗೆ ಅದು ಎಷ್ಟು ಕಹಿಯಾಗಿದ್ದಿರಬೇಕು!

ನಮ್ಮ ಈ ಸೀಮೆಗೆ ಧರ್ಮಕ್ಕಾಗಿ ಹೊರಗಿನವರು ಬರುವುದು ಹೊಸದಲ್ಲ. ಅಫಜಲಪುರ ತಾಲೂಕಿನಲ್ಲಿ ಭೀಮಾ ಅಮರಜಾ ನದಿಗಳು ಕೂಡುವಲ್ಲಿ ಗಾಣಗಾಪುರ ಕ್ಷೇತ್ರವಿದೆ. ದತ್ತಭಕ್ತರು ದೂರದೂರದಿಂದ ಅಲ್ಲಿಗೆ ಬರುತ್ತಾರೆ. ಮಧ್ಯಾಹ್ನದ ಹೊತ್ತು ಊರ ಮನೆಗಳ ಮುಂದೆ ನಿಂತು ಮಧುಕರಿ ಬೇಡುತ್ತಾರೆ. ಅವರಲ್ಲಿ ಸಾಹುಕಾರರಿರಬಹುದು, ಸರಕಾರದ ದೊಡ್ಡ ಹುದ್ದೆಯವರಿರಬಹುದು. ಜೋಳಿಗೆ ಹಿಡಿದ ಮೇಲೆ ಎಲ್ಲರೂ ಆ ಊರಿನ ಗೃಹಿಣಿಯ ಕೈ ಕೆಳಗೆ. ಆ ಹೊತ್ತಿಗೆ ಗುರುವೇ ಯಾವುದೋ ವೇಷದಲ್ಲಿ ಬೇಡಲು ಬರುವನೆಂಬ ನಂಬಿಕೆ ಇರುವುದರಿಂದ ಹಾಕುವವಳೂ ಮುಖ ಮುರಿಯುವಂತಿಲ್ಲ. ನಂಬುವುದು ಬಿಡುವುದು ಅವರವರಿಗೆ ಸೇರಿದುದು. ನಾವು ಗಮನಿಸಬೇಕಾದುದು ಇಷ್ಟೇ: ಅಲ್ಲಿ ದೇವರ ಹೆಸರಿನಲ್ಲಿ ಬಂದವನು ಬೇಡುವವನು, ಊರವರು ಕೊಡುವವರು. ಹದಿನೈದು ದಿನದ ಸೇವೆಗೆ ಬಂದವನು ಚೀಲ ತುಂಬಿಕೊಂಡು ಬರುತ್ತಾನೆ. ಅವನೆದುರು ಊರಿಗೆ ಊರೇ ಜೋಳಿಗೆ ಹಿಡಿದು ನಿಲ್ಲಬೇಕಾಗುತ್ತದೆ. ತೊಗರಿಯ ಕಣಜವೆನಿಸಿಕೊಂಡು, 2019ರಲ್ಲಿ ತನ್ನ ಬೇಳೆಗೆ ಭೌಗೋಳಿಕ ಗುರುತನ್ನು ಪಡೆದ ನಾಡು ಪರರ ಭಾವಚಿತ್ರಗಳಲ್ಲಿ ಮಾತ್ರ ಭಿಕ್ಷುಕನ ನಾಡಾಗುವುದನ್ನು ನಾವು ಒಪ್ಪಲಾರೆವು.

ಹಾಗೆಂದು ಪರದೇಶದ ಕ್ರಿಸ್ತೀಯರು ಕನ್ನಡಕ್ಕೆ ಮಾಡಿದ ಉಪಕಾರವನ್ನು ಮರೆತರೆ ಕೃತಘ್ನತೆಯಾದೀತು. ಹರ್ಮನ್ ಮೋಗ್ಲಿಂಗ್ ಅವರು 1836ರಲ್ಲಿ ಮಂಗಳೂರಿಗೆ ಬಂದಾಗ ಇಪ್ಪತ್ತೈದು ವಯಸ್ಸಿನ ತರುಣರು. ಮತಾಂತರವೇ ಅವರ ಉದ್ದೇಶವಾಗಿದ್ದಿತು. ಅದನ್ನು ಮರೆಮಾಚುವ ಕಾರಣವಿಲ್ಲ. ಆದರೆ ಅವರು ಉಳಿದರು, ಕಲಿತರು. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡದಲ್ಲಿ ವೃತ್ತಪತ್ರಿಕೆಯೆಂಬುದಕ್ಕೆ ನಾಂದಿ ಹಾಡಿದರು. ಇಂದು ನಾವು ಈ ಅಂಕಣದಲ್ಲಿ ಅವರ ಉತ್ತರಾಧಿಕಾರಿಗಳನ್ನೇ ಟೀಕಿಸುತ್ತಿರುವುದೂ ಒಂದು ಅರ್ಥದಲ್ಲಿ ಅವರ ಋಣವೇ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಅವರು ತಾಯ್ನಾಡಿಗೆ ಮರಳಿದ ಮೇಲೂ ನಿಘಂಟಿನ ಹಂಬಲದಿಂದ ಮತ್ತೊಮ್ಮೆ ಕಡಲು ದಾಟಿ ಬಂದರು. ಸುಮಾರು 70,000 ಶಬ್ದಗಳ ಆ ನಿಘಂಟು ಅಚ್ಚಾದುದು 1894ರಲ್ಲಿ. ಅಂದರೆ ಮೊದಲು ಕಾಲಿಟ್ಟ ನಲವತ್ತೊಂದು ವರ್ಷಗಳ ಮೇಲೆ! ಹದಿನೈದು ದಿನದಲ್ಲಿ ಕಿಟ್ಟೆಲ್ಲರು 'ಅ'ಕಾರದ ಮೊದಲ ಪುಟವನ್ನಾದರೂ ಮುಗಿಸುತ್ತಿದ್ದರೋ ಇಲ್ಲವೋ.

ಇನ್ನೊಂದು ಉದಾಹರಣೆ ನಮ್ಮ ಸ್ವಾತಂತ್ರ್ಯದ ಇತಿಹಾಸದೊಳಗಿನದು. ಫಿಲಡೆಲ್ಫಿಯಾ ನಗರದ ಸಿರಿವಂತ ಮನೆತನದ ಸ್ಯಾಮ್ಯುಯೆಲ್ ಸ್ಟೋಕ್ಸ್ 1904ರಲ್ಲಿ ಹಿಮಾಲಯದ ತಪ್ಪಲಿನ ಸಬಾತುವಿಗೆ ಬಂದುದು ಕುಷ್ಠರೋಗಿಗಳ ಸೇವೆಗೆಂದೇ. ಇಂದಿನ ತರುಣರಂತೆಯೇ ಅವರೂ ಇಪ್ಪತ್ತರ ಆಸುಪಾಸಿನವರು. ಅವರು ಮರಳಿ ಹೋಗಲಿಲ್ಲ. ಕೋಟಗಢದಲ್ಲಿ ನೆಲಸಿ, ಮದುವೆಯಾಗಿ, ಗುಡ್ಡಗಾಡಿನವರ ಬೆನ್ನು ಮುರಿಯುತ್ತಿದ್ದ ಬಿಟ್ಟಿ ಬೇಗಾರಿನ ವಿರುದ್ಧ ಹೋರಾಡಿ, 1921ರಲ್ಲಿ ಅಸಹಕಾರ ಚಳವಳಿಯಲ್ಲಿ ಸೆರೆಮನೆ ಸೇರಿದರು. ಅವರು ಅಮೆರಿಕದಿಂದ ತರಿಸಿ ನೆಟ್ಟ ಸೇಬಿನ ಸಸಿಗಳಿಂದ ಇಂದು ಹಿಮಾಚಲದ ಸಾವಿರಾರು ಸಂಸಾರಗಳು ಉಣ್ಣುತ್ತಿವೆ. ಊರಿನ ಕಷ್ಟವು ಅವರ ಕಷ್ಟವಾದುದರಿಂದ ಸರಕಾರವೂ ಅವರನ್ನು ಊರಿನವರೊಡನೆಯೇ ಶಿಕ್ಷಿಸಿತು.

ಹೆಚ್ಚು ಕಠಿಣವಾದ ಮಾತು ಇಲ್ಲಿಯೇ ಇದೆ. ಬಂದು ಹೋಗುವವನ ತಪ್ಪಿನ ದಂಡವನ್ನು ತೆರುವವರು ಉಳಿಯುವವರು. 2018ರ ನವೆಂಬರದಲ್ಲಿ ಜಾನ್ ಅಲೆನ್ ಚೌ ಎಂಬ ಇಪ್ಪತ್ತಾರು ವಯಸ್ಸಿನ ಅಮೆರಿಕದ ಕ್ರಿಸ್ತೀಯ ತರುಣನು ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಕಾಯಿದೆಯನ್ನು ಮೀರಿ ಹೋಗಿ ಪ್ರಾಣ ಕಳೆದುಕೊಂಡನು. ಅವನ ಸಾವು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತು. ಅವನನ್ನು ದೋಣಿಯಲ್ಲಿ ಕರೆದೊಯ್ದ ಬಡ ಬೆಸ್ತರು ಸೆರೆಯಾದುದನ್ನು ಎಷ್ಟು ಜನ ನೆನೆಯುತ್ತಾರೆ?

ಆಳಂದದ ಸ್ಥಿತಿಯನ್ನು ಬಲ್ಲವರಿಗೆ ಈ ಮಾತಿನ ಭಾರ ತಿಳಿದೀತು. ಅಲ್ಲಿಯ ಲಾಡ್ಲೆ ಮಶಾಯಿಖ ದರ್ಗಾದ ಆವರಣದಲ್ಲಿಯೇ ರಾಘವ ಚೈತನ್ಯ ಶಿವಲಿಂಗವಿದೆ. ಎರಡೂ ಕಡೆಯ ಭಕ್ತರು ನಡೆದುಕೊಂಡು ಬಂದ ಆ ತಾಣದಲ್ಲಿ 2022ರ ಶಿವರಾತ್ರಿಯಂದು ಗಲಭೆಯಾಯಿತು. ಮುಂದೆ ನ್ಯಾಯಾಲಯದ ಅನುಮತಿಯಿಂದ, ಎಣಿಸಿದಷ್ಟೇ ಜನ, ಪೋಲೀಸರ ಕಾವಲಿನಲ್ಲಿ ಪೂಜೆ ಸಲ್ಲಿಸಬೇಕಾಯಿತು. ಇಂತಹ ಊರಿನ ಬಜಾರಿನಲ್ಲಿ ಭಾಷೆ ತಿಳಿಯದ ಪರದೇಶಿ ಹುಡುಗನೊಬ್ಬನು ಕರಪತ್ರ ಹಂಚಿದರೆ ಅದರ ಫಲವನ್ನು ಉಣ್ಣುವವರು ಯಾರು? ಅವನು ಮೂರನೆಯ ದಿನ ವಿಮಾನ ಹತ್ತಿರುತ್ತಾನೆ. ಕಲಬುರಗಿ ಬೀದರ ಸೀಮೆಯಲ್ಲಿ ತಲೆಮಾರುಗಳಿಂದ ಬಾಳಿಕೊಂಡು ಬಂದಿರುವ ಮೆಥೊಡಿಸ್ಟ್ ಸಭೆಯ ನಮ್ಮ ಕ್ರಿಸ್ತೀಯ ಬಂಧುಗಳು, ಇದೇ ಮಣ್ಣಿನಲ್ಲಿ ಕೂಲಿ ಮಾಡಿ, ಇದೇ ಕನ್ನಡದಲ್ಲಿ ಪ್ರಾರ್ಥಿಸುವವರು, ನೆರೆಯವರ ಸಂಶಯದ ದೃಷ್ಟಿಯನ್ನು ಎದುರಿಸಬೇಕಾಗುತ್ತದೆ. ಅವರು ಪರದೇಶದ ಕೈಗೊಂಬೆಗಳೆಂದು ಅನ್ನುವವರ ಬಾಯಿಗೆ ಆ ಹುಡುಗನು ತುತ್ತು ಹಾಕಿ ಹೋಗಿರುತ್ತಾನೆ.

ಕಾಯಿದೆಯ ಮಾತನ್ನು ಚುಟುಕಾಗಿ ಹೇಳಿ ಮುಗಿಸುತ್ತೇವೆ. ನಮ್ಮ ಸಂವಿಧಾನದ 25ನೆಯ ವಿಧಿಯು ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಮಾನ್ಯ ಮಾಡಿದೆ. ಪ್ರಚಾರದ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ತೀರ್ಪಿತ್ತಿದೆ. ಪ್ರವಾಸಿಯೆಂದು ವೀಸಾ ಪಡೆದು ಪ್ರವಚನಕ್ಕೆ ನಿಲ್ಲುವುದು ಅಪರಾಧ. 2022ರಲ್ಲಿ ಅಸ್ಸಾಮಿನಲ್ಲಿ ಸ್ವೀಡನ್ನಿನ ಮೂವರು ಈ ಕಾರಣಕ್ಕಾಗಿಯೇ ದಂಡ ತೆತ್ತರು. ಸರಕಾರದ ಈ ಎಚ್ಚರಿಕೆ ನ್ಯಾಯವಾದುದು. ಆದರೆ ಈ ಎಚ್ಚರಿಕೆಯ ಹೆಸರಿನಲ್ಲಿ ಬೀದಿಯ ಗುಂಪು ತಾನೇ ನ್ಯಾಯಾಧೀಶನಾಗುವುದು ನಾಚಿಕೆಗೇಡು. ಒರಿಸ್ಸಾದ ಕುಷ್ಠರೋಗಿಗಳ ನಡುವೆ ಮೂರು ದಶಕ ಕಳೆದ ಗ್ರಹಾಂ ಸ್ಟೇನ್ಸ್ ಅವರನ್ನು ಇಬ್ಬರು ಎಳೆಯ ಮಕ್ಕಳೊಡನೆ 1999ರ ಜನವರಿಯಲ್ಲಿ ಜೀವಂತ ಸುಟ್ಟ ದಿನ ದೇಶವೇ ತಲೆ ತಗ್ಗಿಸಿತು.

ಪರದೇಶದ ಹುಡುಗನಿಗೆ ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮನೆಯ ಮಾತನ್ನೂ ಆಡಬೇಕಲ್ಲವೇ? 1969ರಿಂದ ನಡೆದುಬಂದಿರುವ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನದ ಶಿಬಿರಗಳಲ್ಲಿ ನಮ್ಮ ಕಾಲೇಜು ವಿದ್ಯಾರ್ಥಿಗಳು ಹಳ್ಳಿಗೆ ಹೋಗುತ್ತಾರೆ. ಗಟಾರ ಬಳಿಯುತ್ತಾರೆ, ಭಾಷಣ ಮಾಡುತ್ತಾರೆ, ಎಂಟನೆಯ ದಿನ ಗಟಾರವು ಮೊದಲಿನಂತೆ. ಬೆಂಗಳೂರಿನ ಕಂಪನಿಗಳವರು ಶನಿವಾರ ಬಂದು ಭಾನುವಾರ ಹೋಗುತ್ತಾರೆ. ಇವರೆದುರು ಆ ಅಮೆರಿಕದ ಹುಡುಗನೇ ದೀರ್ಘ ತಪಸ್ವಿ! ನಮ್ಮ ಅಧಿಕಾರಿ ವರ್ಗದ ವಾಚಕರು ಕ್ಷಮಿಸಬೇಕು, ಅವರಲ್ಲಿಯೂ ಕೆಲವರಿದ್ದಾರೆ. ಜೇವರ್ಗಿಗೆ ವರ್ಗವಾಯಿತೆಂದರೆ ಶಿಕ್ಷೆಯಾಯಿತೆಂದೇ ಭಾವಿಸಿ, ಒಂದು ಕೈಯಲ್ಲಿ ಹಾಜರಿ ಪತ್ರ, ಇನ್ನೊಂದರಲ್ಲಿ ಮರುವರ್ಗದ ಅರ್ಜಿ ಹಿಡಿದು ಬರುವವರು. ಹೊರಗಿನಿಂದ ಬಂದವರು ನಿಲ್ಲಲಿಲ್ಲ, ಒಳಗಿನವರಿಗೆ ಹುದ್ದೆ ಸಿಗಲಿಲ್ಲ ಎಂಬ ದೀರ್ಘಕಾಲದ ಕೊರಗು ಸೇರಿಯೇ 2012ರ ತಿದ್ದುಪಡಿಯಿಂದ ಸಂವಿಧಾನದಲ್ಲಿ 371(ಜೆ) ವಿಧಿಯು ಮೂಡಿಬಂದಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75ನ್ನು ದಾಟಿದ್ದಾಗ ಈ ಜಿಲ್ಲೆಯದು 65ರ ಸುಮಾರಿನಲ್ಲಿದ್ದಿತು. ಆ ಹತ್ತರ ಅಂತರವನ್ನು ಗೋಡೆಗೆ ಹಚ್ಚುವ ಬಣ್ಣವು ತುಂಬಲಾರದು. ಒಂದೇ ಶಾಲೆಯಲ್ಲಿ ಹತ್ತು ವರ್ಷ ನಿಂತು ಕಲಿಸುವ ಮಾಸ್ತರರು ತುಂಬಬಲ್ಲರು.

ಆದುದರಿಂದ ನಮ್ಮ ಸೂಚನೆ ಇಷ್ಟು. ಪರದೇಶದ ತರುಣನಿಗೆ ಬಾಗಿಲು ಮುಚ್ಚುವುದು ಬೇಡ. ಅವನು ತಕ್ಕ ವೀಸಾ ಪಡೆದು, ಓದುವವನಾಗಿ ಬರಲಿ. ಹೊರಡುವ ಮುನ್ನ ಕನ್ನಡದಲ್ಲಿ ನೀರು ಕೇಳುವಷ್ಟಾದರೂ ಕಲಿತಿರಲಿ. ಅವನನ್ನು ಕರೆಯಿಸುವ ಸಂಸ್ಥೆಯು ಮುಂಚಿತವಾಗಿ ಗ್ರಾಮ ಪಂಚಾಯತಿಗೆ ಕಾಗದ ಬರೆದು, ಊರಿಗೆ ಬೇಕಾದುದೇನೆಂದು ಕೇಳಲಿ. ಕಟ್ಟುವ ಕೆಲಸವಿದ್ದರೆ ಊರಿನ ಗೌಂಡಿಗೆ ಕೂಲಿ ಕೊಟ್ಟು ಮಾಡಿಸಲಿ. ಬರುವುದಾದರೆ ಒಂದು ಬೆಳೆಯ ಕಾಲವಾದರೂ ಇರಲಿ. ಜೂನ್ ತಿಂಗಳಲ್ಲಿ ಮುಂಗಾರು ನೋಡಿ ತೊಗರಿ ಬಿತ್ತುತ್ತಾರೆ; ರಾಶಿ ಕೈಗೆ ಬರುವುದು ದಶಂಬರ ಜನವರಿಯಲ್ಲಿ. ನಡುವೆ ಭೀಮೆ ಉಕ್ಕಿದರೂ ಉಕ್ಕೀತು, ಮಳೆ ಕೈಕೊಟ್ಟರೂ ಕೊಟ್ಟೀತು. ಅಷ್ಟು ದಿನ ಬಾಡಿಗೆ ಕೊಟ್ಟು ಜೇವರ್ಗಿಯ ಒಂದು ಮನೆಯಲ್ಲಿದ್ದು, ರಾಶಿಯ ದಿನ ಕಣದಲ್ಲಿ ನಿಂತು, ಅಡತಿಯವನ ಅಂಗಡಿಗೆ ರೈತನೊಡನೆ ಹೋಗಿ, ಆ ವರ್ಷದ ಧಾರಣೆ ಎಷ್ಟೆಂದು ಕೇಳಿಸಿಕೊಂಡು, ಆಮೇಲೆ ತನ್ನ ಊರಿನ ಸಭೆಗೆ ಏನು ಹೇಳಬೇಕೆಂದು ತೋರುವುದೋ ಅದನ್ನು ಹೇಳಲಿ.